ಇಲಿಯ ವಾದದಿಂದ ಕೊಡಲಿಯವರೆಗೆ: ರೋಮಿನ ದೇವರುಗಳ ಮೇಲೆ ಆದಿ ಕ್ರೈಸ್ತರು ಹೂಡಿದ ವಾದ

ಒಬ್ಬನೇ ದೇವರೋ, ಹಲವು ದೇವರೋ ಎಂಬ ಜಗಳ ಈಗ ಯೂಟ್ಯೂಬ್ ಚರ್ಚೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ದಿನಾ ನಡೆಯುತ್ತದೆ. "ತನ್ನ ಮೇಲೆ ಕೂತ ನೊಣವನ್ನೇ ಓಡಿಸಲಾಗದ ಕಲ್ಲು ನಿಮ್ಮನ್ನು ಹೇಗೆ ಕಾಯುತ್ತೆ?" ಎಂದು ಒಂದು ಕಡೆಯವರು ಕೇಳುತ್ತಾರೆ. "ನಾವು ಪೂಜೆ ಮಾಡೋದು ಕಲ್ಲಿಗಲ್ಲ, ಎಲ್ಲ ಹೆಸರುಗಳ ಹಿಂದಿರುವ ಒಂದೇ ಶಕ್ತಿಗೆ" ಎಂದು ಇನ್ನೊಂದು ಕಡೆಯವರು ಉತ್ತರ ಕೊಡುತ್ತಾರೆ. ಇದೇ ಪ್ರಶ್ನೆ, ಇದೇ ಉತ್ತರ, ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ 1800 ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದಲ್ಲಿ ಓಡಾಡುತ್ತಿದ್ದವು.

ಆ ಕಾಲದ ಬಗ್ಗೆ ಇವತ್ತು ಎರಡು ಕಥೆಗಳು ಜಾಸ್ತಿ ಕೇಳಿಬರುತ್ತವೆ. ಕ್ರೈಸ್ತ ಧರ್ಮ ಬರೀ ವಾದದ ಬಲದಿಂದ ಹಳೆಯ ದೇವರುಗಳನ್ನು ಸೋಲಿಸಿತು ಎನ್ನುವುದು ಒಂದು. ವಾದವೆಲ್ಲ ನೆಪ, ಗೆದ್ದದ್ದು ಸುತ್ತಿಗೆ ಎನ್ನುವುದು ಇನ್ನೊಂದು. ಆ ಕಾಲದ ಬರಹಗಳನ್ನು ಒಂದರ ಹಿಂದೆ ಒಂದಾಗಿ ಓದಿದರೆ ಎರಡೂ ನಿಲ್ಲುವುದಿಲ್ಲ. ದೇವರುಗಳ ವಿರುದ್ಧ ಕ್ರೈಸ್ತರು ಹೂಡಿದ ವಾದಗಳಲ್ಲಿ ಬಹುಪಾಲು ಅವರದಲ್ಲ. ಅವು ಗ್ರೀಕರಿಂದ, ರೋಮನ್ನರಿಂದ, ಯೆಹೂದಿಗಳಿಂದ ಬಂದವು. ಪೂಜೆಗೆ ಯಾರನ್ನೂ ಬಲವಂತ ಮಾಡಬಾರದು ಎಂಬ ಮಾತನ್ನು ಮಾತ್ರ ಅವರು ಹಿಂದೆ ಯಾರೂ ಹೇಳದಷ್ಟು ಸ್ಪಷ್ಟವಾಗಿ ಹೇಳಿದರು. ಅಧಿಕಾರ ಕೈಗೆ ಬಂದ ಮೇಲೆ ಕೈಬಿಟ್ಟದ್ದೂ ಅದೇ ಮಾತನ್ನು. ಆಗ ಅದನ್ನು ಎತ್ತಿಕೊಂಡವರು ಸೋಲುತ್ತಿದ್ದ ಎದುರಾಳಿಗಳು.

ಶುರುವಿನಲ್ಲಿ ಕಟಕಟೆಯಲ್ಲಿ ನಿಂತಿದ್ದವರು ಕ್ರೈಸ್ತರು. ಅವರ ಮೇಲಿದ್ದ ಆರೋಪ ನಾಸ್ತಿಕತೆ. ಇವರಿಗೆ ದೇಗುಲ ಇಲ್ಲ, ಮೂರ್ತಿ ಇಲ್ಲ, ಬಲಿ ಇಲ್ಲ, ಇವರೆಂಥ ಭಕ್ತರು? ರೋಮನ್ನರಿಗೆ ದೇವರುಗಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದು ಊರಿನ ಕ್ಷೇಮದ ವಿಷಯ. ಕೆಲವರು ತಪ್ಪಿಸಿದರೆ ಎಲ್ಲರಿಗೂ ಕೇಡು. ಎರಡನೇ ಶತಮಾನದ ನಡುವೆ ಸ್ಮಿರ್ನಾ ಪಟ್ಟಣದಲ್ಲಿ ಪೋಲಿಕಾರ್ಪ್ ಎಂಬ ಮುದಿ ಬಿಷಪ್ಪನನ್ನು ಸುಡುವ ಮುಂಚೆ "ನಾಸ್ತಿಕರು ತೊಲಗಲಿ ಎಂದು ಹೇಳು, ಬಿಟ್ಟುಬಿಡುತ್ತೇನೆ" ಎಂದು ಅಧಿಕಾರಿ ಹೇಳಿದ. ಮುದುಕ ಮೈದಾನದಲ್ಲಿ ತುಂಬಿದ್ದ ಜನರ ಕಡೆ ಕೈ ಬೀಸಿ "ನಾಸ್ತಿಕರು ತೊಲಗಲಿ" ಎಂದ. ಅದೇ ಸುಮಾರಿಗೆ ರೋಮಿನಲ್ಲಿ ಜಸ್ಟಿನ್ ಎಂಬ ತತ್ವಶಾಸ್ತ್ರದ ಶಿಕ್ಷಕ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಆರೋಪವನ್ನು ಅರ್ಧ ಒಪ್ಪಿಕೊಂಡ. ನೀವು ಹೇಳುವ ದೇವರುಗಳ ಮಟ್ಟಿಗೆ ನಾವು ನಾಸ್ತಿಕರೇ, ನಿಜವಾದ ದೇವರ ಮಟ್ಟಿಗೆ ಅಲ್ಲ ಎಂದ. ಕೊನೆಗೆ ಅವನ ತಲೆಯೂ ಹೋಯಿತು.

ಇದು ಬರೀ ನಂಬಿಕೆಯ ಜಗಳವೂ ಆಗಿರಲಿಲ್ಲ. ಸುಮಾರು 112ರಲ್ಲಿ ಕಪ್ಪು ಸಮುದ್ರದ ದಕ್ಷಿಣ ದಂಡೆಯ ಪ್ರಾಂತ್ಯದಿಂದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರ ಉಳಿದಿದೆ. ದೇಗುಲಗಳು ಬಿಕೋ ಅನ್ನುತ್ತಿದ್ದವು, ಬಲಿ ಪ್ರಾಣಿಯ ಮಾಂಸಕ್ಕೆ ಗಿರಾಕಿಗಳೇ ಇರಲಿಲ್ಲ, ನಾನು ಕ್ರಮ ತೆಗೆದುಕೊಂಡ ಮೇಲೆ ವ್ಯಾಪಾರ ಸುಧಾರಿಸಿದೆ ಎಂದು ಅದರಲ್ಲಿ ಬರೆದಿದ್ದಾನೆ. ಪೂಜೆಯ ಸುತ್ತ ಬದುಕುವವರು ಎಷ್ಟೋ ಜನ ಇದ್ದರು. ವಾದ ಅವರ ಹೊಟ್ಟೆಗೂ ತಾಗುತ್ತಿತ್ತು.

ಉತ್ತರ ಆಫ್ರಿಕಾದ ಕಾರ್ತೇಜ್ ಪಟ್ಟಣದ ಕ್ರೈಸ್ತ ಲೇಖಕ ಟೆರ್ಟುಲಿಯನ್ 197ರಲ್ಲಿ ಬರೆದ ಪ್ರತಿವಾದದಲ್ಲಿ ಆಗಿನ ವಾತಾವರಣ ಕಣ್ಣಿಗೆ ಕಟ್ಟುವಂತಿದೆ. ಟೈಬರ್ ನದಿ ಗೋಡೆಯವರೆಗೆ ಉಕ್ಕಿದರೆ, ನೈಲ್ ನದಿ ಹೊಲಕ್ಕೆ ಉಕ್ಕದಿದ್ದರೆ, ಮಳೆ ಬಾರದಿದ್ದರೆ, ಭೂಮಿ ನಡುಗಿದರೆ, ಬರ ಬಂದರೆ, ಪಿಡುಗು ಬಂದರೆ, ತಕ್ಷಣ ಒಂದೇ ಕೂಗು: ಕ್ರೈಸ್ತರನ್ನು ಸಿಂಹಕ್ಕೆ ಎಸೆಯಿರಿ! ಅಷ್ಟೊಂದು ಜನರನ್ನು ಒಂದೇ ಸಿಂಹಕ್ಕೋ ಎಂದು ಆತ ಕೇಳುತ್ತಾನೆ. ನಾವು ನಿಮ್ಮ ಜತೆಗೇ ಬದುಕುವವರು, ನಿಮ್ಮ ಸಂತೆಗೆ, ನಿಮ್ಮ ಸ್ನಾನಗೃಹಕ್ಕೆ ಬರುವವರು, ಕಾಡಿನಲ್ಲಿ ವಾಸಿಸುವ ಭಾರತದ ಬ್ರಾಹ್ಮಣರ ಹಾಗೆ, ಬೆತ್ತಲೆ ಸನ್ಯಾಸಿಗಳ ಹಾಗೆ ಬದುಕು ಬಿಟ್ಟು ಹೋದವರಲ್ಲ ಎಂದೂ ಅದೇ ಪುಸ್ತಕದಲ್ಲಿ ಹೇಳುತ್ತಾನೆ. ನಮ್ಮ ನಾಡಿನ ಬಗ್ಗೆ ಆ ಕಡಲಾಚೆಯ ಊರಿನಲ್ಲಿ ಓಡಾಡುತ್ತಿದ್ದ ಕಲ್ಪನೆ ಅದು.

ಈಗ ವಾದಗಳಿಗೆ ಬರೋಣ. ಎಲ್ಲಕ್ಕಿಂತ ಜನಪ್ರಿಯವಾದದ್ದು ಮೂರ್ತಿಯ ಮೇಲಿನ ವಾದ. ಮಿನುಸಿಯಸ್ ಫೆಲಿಕ್ಸ್ ಎಂಬ ವಕೀಲ ಲ್ಯಾಟಿನ್‌ನಲ್ಲಿ ಒಂದು ಸಂವಾದ ಬರೆದ. ಮೂವರು ಗೆಳೆಯರು ರೋಮಿನ ಬಂದರು ಓಸ್ಟಿಯಾದ ಕಡಲದಂಡೆಯಲ್ಲಿ ನಡೆಯುತ್ತಿರುತ್ತಾರೆ. ಅವರಲ್ಲೊಬ್ಬ ದಾರಿಯಲ್ಲಿ ಕಂಡ ಸೆರಾಪಿಸ್ ದೇವರ ಮೂರ್ತಿಗೆ ಕೈಯಿಂದ ಮುತ್ತು ಕಳಿಸಿ ನಮಸ್ಕರಿಸುತ್ತಾನೆ. ಅಲ್ಲಿಂದ ಮಾತು ಶುರು. ಕ್ರೈಸ್ತ ಗೆಳೆಯ ಹೇಳುತ್ತಾನೆ: ನಿಮ್ಮ ದೇವರುಗಳಿಗೆ ಏನೂ ತಿಳಿಯುವುದಿಲ್ಲ ಎಂಬುದು ಇಲಿಗೆ, ಹಕ್ಕಿಗೆ, ಹದ್ದಿಗೆ ಗೊತ್ತು. ಅವು ಮೂರ್ತಿಯನ್ನು ಕಡಿಯುತ್ತವೆ, ಅದರ ಮೇಲೆ ಕೂರುತ್ತವೆ, ಬಾಯೊಳಗೇ ಗೂಡು ಕಟ್ಟುತ್ತವೆ. ಜೇಡ ಮುಖದ ಮೇಲೆ ಬಲೆ ನೇಯುತ್ತದೆ. ನೀವು ಒರೆಸಿ, ತೊಳೆದು, ಕಾವಲು ಕಾದು, ನೀವೇ ಮಾಡಿದ ದೇವರಿಗೆ ಹೆದರುತ್ತೀರಿ. ಆಮೇಲೆ, 300ರ ನಂತರ, ಆಫ್ರಿಕಾದ ಸಿಕ್ಕಾ ಪಟ್ಟಣದ ಅರ್ನೋಬಿಯಸ್ ಇದನ್ನೇ ಇನ್ನೂ ಹಿಗ್ಗಿಸಿ, ಟೊಳ್ಳು ಮೂರ್ತಿಗಳ ಹೊಟ್ಟೆಯಲ್ಲಿ ಸಂಸಾರ ಹೂಡಿದ ಇಲಿ, ಜಿರಳೆಗಳ ಪಟ್ಟಿಯನ್ನೇ ಕೊಟ್ಟ. ಅವನ ಮಾತಿಗೆ ಬೇರೆ ತೂಕವಿದೆ. ಇತ್ತೀಚಿನವರೆಗೆ ನಾನೂ ಕುಲುಮೆಯಿಂದ ಬಂದ ಬೊಂಬೆಗಳನ್ನು, ಆನೆಯ ಮೂಳೆಯನ್ನು, ಎಣ್ಣೆ ಸುರಿದ ಕಲ್ಲನ್ನು ಪೂಜಿಸುತ್ತಿದ್ದೆ ಎಂದು ಆತ ನೇರವಾಗಿ ಬರೆದಿದ್ದಾನೆ.

ಈ ವಾದದ ಬೇರು ಹೀಬ್ರೂ ಬೈಬಲ್‌ನಲ್ಲಿದೆ. ಒಂದೇ ಮರದ ಅರ್ಧ ಭಾಗದಿಂದ ಒಲೆ ಹೊತ್ತಿಸಿ ರೊಟ್ಟಿ ಸುಟ್ಟುಕೊಂಡು, ಉಳಿದರ್ಧದಿಂದ ದೇವರನ್ನು ಮಾಡಿ ಅಡ್ಡಬೀಳುವವನ ಚಿತ್ರ ಯೆಶಾಯನ ಪುಸ್ತಕದಲ್ಲಿ ಬರುತ್ತದೆ. ಉಳಿದ ವಾದಗಳು ಗ್ರೀಕ್ ಮತ್ತು ರೋಮನ್ ಮನೆಯಿಂದಲೇ ಬಂದವು. ಎತ್ತಿಗೂ ಕುದುರೆಗೂ ಸಿಂಹಕ್ಕೂ ಕೈಯಿದ್ದಿದ್ದರೆ ಅವು ತಮ್ಮ ತಮ್ಮ ಆಕಾರದಲ್ಲೇ ದೇವರನ್ನು ಬರೆಯುತ್ತಿದ್ದವು ಎಂದು ಕ್ರಿಸ್ತನಿಗಿಂತ 500 ವರ್ಷ ಮುಂಚೆಯೇ ಗ್ರೀಕ್ ಕವಿ ಕ್ಸೆನೊಫನೀಸ್ ಹೇಳಿದ್ದ. ಅವನ ಮಾತನ್ನು ಎತ್ತಿ ನಮಗೆ ಉಳಿಸಿಕೊಟ್ಟವನು ಅಲೆಕ್ಸಾಂಡ್ರಿಯಾದ ಕ್ರೈಸ್ತ ಗುರು ಕ್ಲೆಮೆಂಟ್. ದೇವರುಗಳೆಲ್ಲ ಒಂದು ಕಾಲದ ರಾಜರು, ಸತ್ತ ಮೇಲೆ ದೇವರಾದರು ಎಂಬ ವಾದ ಕ್ರಿ.ಪೂ. 300ರ ಆಸುಪಾಸಿನ ಗ್ರೀಕ್ ಲೇಖಕ ಯೂಹೆಮೆರಸ್‌ನದು. ಕ್ರೀಟ್ ದ್ವೀಪದವರು ಸ್ಯೂಸ್ ದೇವರ ಸಮಾಧಿಯನ್ನೇ ತೋರಿಸುತ್ತಿದ್ದರು ಎಂಬುದು ಕ್ರೈಸ್ತ ಲೇಖಕರಿಗೆ ತುಂಬ ಇಷ್ಟದ ಉದಾಹರಣೆ. ಭಾರತದಲ್ಲಿ ಕೆಲವರು ಬುದ್ಧನ ಮಾತಿನಂತೆ ನಡೆಯುತ್ತಾರೆ, ಅವನ ಮಹಾ ಪಾವಿತ್ರ್ಯಕ್ಕಾಗಿ ಅವನನ್ನು ದೇವರಂತೆ ಗೌರವಿಸುತ್ತಾರೆ ಎಂದೂ ಕ್ಲೆಮೆಂಟ್ ಬರೆದಿದ್ದಾನೆ. ಮನುಷ್ಯ ದೇವರಾಗುವ ಬಗೆ ಆ ಕಾಲದವರ ತಲೆಯಲ್ಲಿ ಎಷ್ಟು ಸುತ್ತುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ದೇವರುಗಳನ್ನು ಪ್ರಶ್ನಿಸಿ ಕ್ರಿಸ್ತನಿಗಿಂತ ಹಿಂದಿನ ರೋಮನ್ ವಾಗ್ಮಿ ಸಿಸೆರೊ ಬರೆದ ಪುಸ್ತಕ ಕ್ರೈಸ್ತರಿಗೆ ಎಷ್ಟು ಉಪಯೋಗಕ್ಕೆ ಬಂತೆಂದರೆ, ಅದನ್ನು ಸೆನೆಟ್ ನಾಶ ಮಾಡಿಸಬೇಕು ಎಂದು ಹಳೆಯ ಧರ್ಮದ ಕೆಲವರು ಒತ್ತಾಯಿಸುತ್ತಿದ್ದರಂತೆ. ಇದನ್ನು ಹೇಳುವವನೂ ಅರ್ನೋಬಿಯಸ್. ಪುಸ್ತಕವನ್ನು ಅಡಗಿಸುವ ಬದಲು ಸಿಸೆರೊ ತಪ್ಪೆಂದು ತೋರಿಸಿ ಎಂದು ಆತ ಸವಾಲು ಹಾಕುತ್ತಾನೆ.

ಹಾಗಾದರೆ ಹೊಸದೇನು? ಇದಕ್ಕೆ ಉತ್ತರ ಮೊದಲ ಶತಮಾನದ ರೋಮನ್ ತತ್ವಜ್ಞಾನಿ ಸೆನೆಕಾನ ಬಗ್ಗೆ ಆಫ್ರಿಕಾದ ಬಿಷಪ್ ಅಗಸ್ಟಿನ್ ಬರೆದ ಪುಟಗಳಲ್ಲಿದೆ. ಮೂಢಭಕ್ತಿಯ ಮೇಲೆ ಸೆನೆಕಾ ಬರೆದ ಪುಸ್ತಕ ಈಗ ಇಲ್ಲ. ಅಗಸ್ಟಿನ್ ಎತ್ತಿಕೊಟ್ಟ ತುಣುಕುಗಳಿವೆ. ಅದರಲ್ಲಿ ಸೆನೆಕಾ ಮೂರ್ತಿಗಳನ್ನೂ ಆಚರಣೆಗಳನ್ನೂ ಯಾವ ಕ್ರೈಸ್ತನಿಗೂ ಕಡಿಮೆ ಇಲ್ಲದಂತೆ ಹರಿದು ಹಾಕುತ್ತಾನೆ. ಆಮೇಲೆ ಹೇಳುತ್ತಾನೆ: ಜಾಣನಾದವನು ಇದೆಲ್ಲವನ್ನೂ ಆಚರಿಸಬೇಕು, ದೇವರಿಗೆ ಇಷ್ಟ ಎಂದಲ್ಲ, ಕಾನೂನು ಹೇಳುತ್ತದೆ ಎಂದು. ಅಂದರೆ ಮನೆಯೊಳಗೆ ಟೀಕೆ, ಬೀದಿಯಲ್ಲಿ ಪೂಜೆ. ಓದಿದ ರೋಮನ್ನರಲ್ಲಿ ಎಷ್ಟೋ ಜನರ ರೀತಿ ಇದೇ ಆಗಿತ್ತು. ತಾನು ಖಂಡಿಸಿದ್ದನ್ನೇ ಪೂಜಿಸಿದ ಎಂದು ಅಗಸ್ಟಿನ್ ಅವನನ್ನು ಹಿಡಿಯುತ್ತಾನೆ. ಈ ಏಟು ಸರಿಯಾದ ಜಾಗಕ್ಕೆ ಬಿದ್ದಿದೆ ಎಂದೇ ನನಗನ್ನಿಸುತ್ತದೆ. ತತ್ವಜ್ಞಾನಿಗಳು ಗೆಳೆಯರ ನಡುವೆ ಆಡಿ ಮುಗಿಸಿದ ಮಾತಿಗೆ ಕ್ರೈಸ್ತರಲ್ಲಿ ಓದುಬರಹ ಬಾರದ ಹೆಂಗಸರು, ಗುಲಾಮರು ಪ್ರಾಣ ಕೊಟ್ಟರು. 249ರ ಕೊನೆಯ ಹೊತ್ತಿಗೆ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವರುಗಳಿಗೆ ಬಲಿ ಕೊಡಬೇಕು ಎಂದು ಆಜ್ಞೆ ಹೊರಡಿಸಿದ. ಬಲಿ ಕೊಟ್ಟೆ, ಪ್ರಸಾದ ತಿಂದೆ ಎಂದು ಅಧಿಕಾರಿಗಳ ಸಹಿ ಹಾಕಿಸಿಕೊಂಡ ಪಪೈರಸ್ ಚೀಟಿಗಳು ಈಜಿಪ್ಟಿನ ಮರಳಲ್ಲಿ 40ಕ್ಕೂ ಹೆಚ್ಚು ಸಿಕ್ಕಿವೆ. ಒಂದು ಚಿಟಿಕೆ ಧೂಪ ಹಾಕಿದರೂ ಉಳಿಯಬಹುದಿತ್ತು. ಹಾಕಿದವರೂ ಬೇಕಾದಷ್ಟು ಜನ ಇದ್ದರು. ಹಾಕದೆ ಜೈಲಿಗೆ ಹೋದವರೂ, ಸತ್ತವರೂ ಇದ್ದರು.

ಇನ್ನೊಂದು ಕಡೆಯವರು ಸುಮ್ನೆ ಕೂತಿರಲಿಲ್ಲ. ನಮ್ಮಲ್ಲಿ ಈ ವಿಷಯ ಬರೆಯುವವರು ಇವರ ಮಾತಿಗೆ ಜಾಗವನ್ನೇ ಕೊಡುವುದಿಲ್ಲ ಎಂಬುದು ನನ್ನ ದೊಡ್ಡ ದೂರು. 170ರ ದಶಕದ ಕೊನೆಯ ಹೊತ್ತಿಗೆ ಸೆಲ್ಸಸ್ ಎಂಬವನು ಕ್ರೈಸ್ತರ ವಿರುದ್ಧ ಒಂದು ಗಟ್ಟಿ ಪುಸ್ತಕ ಬರೆದ. ಮೂರ್ತಿ ದೇವರಲ್ಲ ಎಂಬುದು ಮಗುವಿಗೂ ಗೊತ್ತು, ಅದು ದೇವರಿಗೆ ಅರ್ಪಿಸಿದ ವಸ್ತು, ದೇವರ ಗುರುತು ಎಂದ. ದೊಡ್ಡ ರಾಜನ ಕೈಕೆಳಗೆ ಅಧಿಕಾರಿಗಳು ಇರುವ ಹಾಗೆ ಪರಮ ದೇವರ ಕೈಕೆಳಗೆ ಹಲವು ದೇವರುಗಳು ಇದ್ದಾರೆ, ಅವರನ್ನು ಅವಮಾನಿಸಿದರೆ ರಾಜನನ್ನೇ ಅವಮಾನಿಸಿದಂತೆ ಎಂದ. 390ರ ಸುಮಾರಿಗೆ ಆಫ್ರಿಕಾದ ಮಡೌರಾ ಊರಿನ ಮಾಕ್ಸಿಮಸ್ ಎಂಬ ಮೇಷ್ಟರು ಅಗಸ್ಟಿನ್‌ಗೆ ಕಾಗದ ಬರೆದರು. ಆದಿಯಿಲ್ಲದ ಒಬ್ಬನೇ ಪರಮ ದೇವರಿದ್ದಾನೆ ಎಂಬುದನ್ನು ಯಾವ ಹುಚ್ಚ ಅಲ್ಲಗಳೆದಾನು? ಜಗತ್ತಿನಲ್ಲಿ ಹರಡಿರುವ ಅವನ ಶಕ್ತಿಗಳನ್ನು ನಾವು ಹಲವು ಹೆಸರಿನಿಂದ ಕರೆಯುತ್ತೇವೆ, ಅವನ ನಿಜವಾದ ಹೆಸರು ನಮಗೆ ತಿಳಿಯದು ಎಂಬುದು ಅವರ ಮಾತು. ಈಗಿನ ಟರ್ಕಿಯಲ್ಲಿರುವ ಓಯ್ನೋಆಂಡಾ ಎಂಬ ಹಾಳೂರಿನ ಕೋಟೆಗೋಡೆಯ ಮೇಲೆ ಅಪೊಲೊ ದೇವರ ಒಂದು ನುಡಿ ಕೊರೆದಿದೆ: ತಾನೇ ಹುಟ್ಟಿದವನು, ಯಾರೂ ಕಲಿಸದವನು, ತಾಯಿಯಿಲ್ಲದವನು, ಅಲುಗದವನು, ಹಲವು ಹೆಸರಿನವನು, ಬೆಂಕಿಯಲ್ಲಿ ನೆಲೆಸಿದವನು, ಅವನೇ ದೇವರು, ನಾವು ಅವನ ಒಂದು ಸಣ್ಣ ಪಾಲು, ಅವನ ದೂತರು. ಅಪೊಲೊ ತಾನೇ ಹೀಗೆ ಹೇಳಿದ್ದಾನೆ ನೋಡಿ ಎಂದು ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಈ ಸಾಲುಗಳನ್ನು ತನ್ನ ಪುಸ್ತಕದಲ್ಲೇ ಬಳಸಿಕೊಂಡ.

ಹೀಗೆ ನೋಡಿದರೆ, ಓದಿದವರ ನಡುವಿನ ಜಗಳ ಒಬ್ಬನೋ ಹಲವರೋ ಎಂಬುದಾಗಿ ಉಳಿಯಲೇ ಇಲ್ಲ. ಪರಮ ದೇವರು ಒಬ್ಬನೇ ಎಂಬುದನ್ನು ಎರಡೂ ಕಡೆಯವರಲ್ಲಿ ಬಹಳ ಜನ ಒಪ್ಪುತ್ತಿದ್ದರು. ಅವನ ಕೆಳಗಿನವರಿಗೆ ಪೂಜೆ ಸಲ್ಲಬೇಕೋ ಬೇಡವೋ ಎಂಬುದೇ ನಿಜವಾದ ತಕರಾರು. ಇಲ್ಲಿ ಇಲಿಯ ವಾದ ಕೆಲಸಕ್ಕೆ ಬರುವುದಿಲ್ಲ. ಮೂರ್ತಿಯೇ ದೇವರು ಎಂದು ನಂಬದವನಿಗೆ ಮೂರ್ತಿಯಲ್ಲಿ ಇಲಿಯಿದೆ ಎಂದು ಹೇಳಿ ಏನು ಪ್ರಯೋಜನ, ಅಲ್ವಾ? ಆದ್ದರಿಂದ ಕ್ರೈಸ್ತರು ಬೇರೆ ವಾದ ತಂದರು. ಆ ದೇವರುಗಳು ಇದ್ದಾರೆ, ಆದರೆ ಅವರು ದೆವ್ವಗಳು. ಮೂರ್ತಿಯ ಹಿಂದೆ ಅವಿತು, ಬಲಿಯ ರಕ್ತ, ಹೊಗೆ ಕುಡಿದು, ಒಂದೆರಡು ನಿಜವಾದ ಭವಿಷ್ಯ ಹೇಳಿ ಜನರನ್ನು ಮೋಸ ಮಾಡುತ್ತಾರೆ. ಜಸ್ಟಿನ್‌ನಿಂದ ಅಗಸ್ಟಿನ್‌ವರೆಗೆ ಎಲ್ಲರೂ ಇದನ್ನು ಹೇಳಿದರು. ಬಲಿಯ ಹೊಗೆಯಿಂದ ಕೊಬ್ಬುವ ಕೆಟ್ಟ ಶಕ್ತಿಗಳ ಬಗ್ಗೆ ಕ್ರೈಸ್ತರ ಕಡುವಿರೋಧಿಯಾದ ತತ್ವಜ್ಞಾನಿ ಪೋರ್ಫಿರಿಯೇ ಬರೆದಿದ್ದು ಅವರಿಗೆ ಸಾಕ್ಷಿಯಾಗಿ ಒದಗಿತು.

ಇದು ಅಪಾಯಕಾರಿ ತಿರುವು ಎಂದು ನಾನು ಭಾವಿಸುತ್ತೇನೆ. ಮೂರ್ತಿ ಬರೀ ಕಲ್ಲಾದರೆ ಅದನ್ನು ಅದರ ಪಾಡಿಗೆ ಬಿಡಬಹುದು. ಸತ್ತ ರಾಜನಾದರೆ ಮರೆಯಬಹುದು. ದೆವ್ವವಾದರೆ ಬಿಡುವ ಹಾಗಿಲ್ಲ, ಅದು ಅಕ್ಕಪಕ್ಕದವರಿಗೂ ಕೇಡು ಮಾಡುತ್ತದೆ. ಕಲ್ಲು, ಹೆಣ, ದೆವ್ವ ಈ ಮೂರು ವಿವರಣೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ಆದರೂ ಒಂದೇ ಪುಸ್ತಕದಲ್ಲಿ ಮೂರೂ ಬರುತ್ತವೆ. ಮಿನುಸಿಯಸ್‌ನಲ್ಲೇ ಬರುತ್ತವೆ. ವಕೀಲರ ವಾದದಲ್ಲಿ ಹೀಗಾಗುವುದು ಸಹಜ.

ಬಲವಂತದ ವಿಷಯಕ್ಕೆ ಬಂದಾಗ ಈ ಲೇಖಕರು ತಮ್ಮ ಅತ್ಯುತ್ತಮ ಮಟ್ಟಕ್ಕೆ ಏರುತ್ತಾರೆ. ಟೆರ್ಟುಲಿಯನ್ 197ರಲ್ಲಿ ಧರ್ಮದ ಸ್ವಾತಂತ್ರ್ಯ ಎಂಬ ಮಾತನ್ನೇ ಬಳಸುತ್ತಾನೆ. ತನಗೆ ಬೇಕಾದ ದೇವರನ್ನು ಆರಿಸಿಕೊಳ್ಳುವ ಹಕ್ಕನ್ನು ಕಿತ್ತುಕೊಂಡರೆ ಅದೇ ಅಧರ್ಮ, ಮನಸ್ಸಿಲ್ಲದವನ ಪೂಜೆ ಯಾರಿಗೂ ಬೇಡ, ಮನುಷ್ಯನಿಗೂ ಬೇಡ ಎನ್ನುತ್ತಾನೆ. ಸುಮಾರು 212ರಲ್ಲಿ ರಾಜ್ಯಪಾಲ ಸ್ಕಾಪುಲಾನಿಗೆ ಬರೆಯುತ್ತ, ತನಗೆ ಸರಿಕಂಡದ್ದನ್ನು ಪೂಜಿಸುವುದು ಪ್ರತಿಯೊಬ್ಬ ಮನುಷ್ಯನ ಹಕ್ಕು, ಧರ್ಮವನ್ನು ಬಲವಂತವಾಗಿ ಹೇರುವುದು ಧರ್ಮವೇ ಅಲ್ಲ ಎಂದು ಇನ್ನೂ ಬಿಚ್ಚಿ ಹೇಳುತ್ತಾನೆ. ನೂರು ವರ್ಷದ ನಂತರ ಲ್ಯಾಕ್ಟಾಂಟಿಯಸ್ ಇದನ್ನು ಮತ್ತಷ್ಟು ಗಟ್ಟಿ ಮಾಡಿದ. ಆತ ಚಕ್ರವರ್ತಿ ಡಯೊಕ್ಲೀಶಿಯನ್ ಕರೆಸಿಕೊಂಡ ಭಾಷಣಕಲೆಯ ಮೇಷ್ಟರು. ಅದೇ ಚಕ್ರವರ್ತಿ 303ರಲ್ಲಿ ಕ್ರೈಸ್ತರ ಮೇಲೆ ಎಲ್ಲಕ್ಕಿಂತ ದೊಡ್ಡ ದಮನ ಶುರು ಮಾಡಿದ. ಧರ್ಮದ ಕೆಲಸ ಮಾತಿನಿಂದ ನಡೆಯಬೇಕು, ಹೊಡೆತದಿಂದ ಅಲ್ಲ. ಧರ್ಮವನ್ನು ಕಾಪಾಡುವುದು ಕೊಂದು ಅಲ್ಲ, ತಾನು ಸತ್ತು ಎಂದು ಲ್ಯಾಕ್ಟಾಂಟಿಯಸ್ ಬರೆದ. ಬರಿಯ ಸಹನೆ ಬೇಡುವ ಮಾತಲ್ಲ ಇದು. ಮನಸ್ಸಿನಿಂದ ಬಾರದ ಪೂಜೆ ಪೂಜೆಯೇ ಅಲ್ಲ, ಆದ್ದರಿಂದ ಬಲವಂತ ತನ್ನ ಉದ್ದೇಶವನ್ನೇ ಕೆಡಿಸಿಕೊಳ್ಳುತ್ತದೆ ಎಂಬ ತರ್ಕ ಇದರಲ್ಲಿದೆ. ನನ್ನ ಮಟ್ಟಿಗೆ ಆ ಇಡೀ ಕಾಲದ ಅತಿ ದೊಡ್ಡ ವಾದ ಇದೇ.

313ರಲ್ಲಿ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಎಲ್ಲರಿಗೂ ಪೂಜೆಯ ಸ್ವಾತಂತ್ರ್ಯ ಘೋಷಿಸಿದರು. ಅಲ್ಲಿಂದ ಸುಮಾರು 33 ವರ್ಷ ಮುಂದೆ ಹೋಗಿ. ಫಿರ್ಮಿಕಸ್ ಮೆಟರ್ನಸ್ ಎಂಬವನು, ಮೊದಲು ಜ್ಯೋತಿಷ್ಯದ ದೊಡ್ಡ ಪುಸ್ತಕ ಬರೆದು ಆಮೇಲೆ ಕ್ರೈಸ್ತನಾದವನು, ಕಾನ್‌ಸ್ಟಂಟೈನನ ಮಕ್ಕಳಾದ ಇಬ್ಬರು ಚಕ್ರವರ್ತಿಗಳಿಗೆ ಒಂದು ಪುಸ್ತಕ ಅರ್ಪಿಸಿದ. ದೇಗುಲಗಳ ಆಭರಣಗಳನ್ನು ಹೆದರದೆ ಕಿತ್ತುಕೊಳ್ಳಿ, ಆ ದೇವರುಗಳನ್ನು ಟಂಕಸಾಲೆಯ ಬೆಂಕಿಯಲ್ಲಿ ಕರಗಿಸಿ ಎಂದು ಅದರಲ್ಲಿ ಕೇಳಿಕೊಂಡ. ಬೇಡ ಎನ್ನುವವರನ್ನೂ ಉಳಿಸಬೇಕು, ರೋಗಿ ಔಷಧ ಬೇಡ ಎಂದರೂ ಕೊಡುವುದಿಲ್ಲವೇ ಎಂಬುದು ಅವನ ಸಮರ್ಥನೆ. ದೇವರುಗಳ ವಿರುದ್ಧ ಅವನು ತಂದ ವಾದಗಳು ಟೆರ್ಟುಲಿಯನ್‌ ಕಾಲದಿಂದ ಬಂದವೇ. ತೀರ್ಮಾನ ಮಾತ್ರ ತಿರುಗಿಬಿದ್ದಿದೆ. ಮಧ್ಯದಲ್ಲಿ ತರ್ಕವೇನೂ ಬದಲಾಗಿರಲಿಲ್ಲ. ಕೇಳುವವನ ಜಾಗದಲ್ಲಿ ಈಗ ಕ್ರೈಸ್ತ ಚಕ್ರವರ್ತಿ ಕೂತಿದ್ದ, ಅಷ್ಟೇ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು 384ರ ವಿಜಯದೇವಿಯ ಬಲಿಪೀಠದ ವ್ಯಾಜ್ಯದಲ್ಲಿ. ರೋಮಿನ ಸೆನೆಟ್ ಸಭಾಂಗಣದಲ್ಲಿ ಕ್ರಿ.ಪೂ. 29ರಿಂದ ವಿಜಯದೇವಿಯ ಪ್ರತಿಮೆ, ಎದುರಿಗೆ ಬಲಿಪೀಠ ಇತ್ತು. ಸದಸ್ಯರು ಒಳಗೆ ಬರುವಾಗ ಅಲ್ಲಿ ಧೂಪ ಹಾಕುತ್ತಿದ್ದರು. ಬಲಿಪೀಠವನ್ನು 357ರಲ್ಲಿ ಒಮ್ಮೆ ತೆಗೆಸಲಾಯಿತು, ಮತ್ತೆ ಬಂತು, 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಮತ್ತೆ ತೆಗೆಸಿದ. ಜೊತೆಗೆ ವೆಸ್ಟಾ ದೇವಿಯ ಕನ್ಯೆಯರಿಗೂ ಪುರೋಹಿತರಿಗೂ ಹೋಗುತ್ತಿದ್ದ ಸರ್ಕಾರಿ ಹಣವನ್ನು ನಿಲ್ಲಿಸಿದ. ಮರುವರ್ಷ ಗ್ರೇಷಿಯನ್ ಕೊಲೆಯಾದ, ಬೆಳೆ ಕೆಟ್ಟಿತು. 384ರಲ್ಲಿ ರೋಮ್ ನಗರದ ಮುಖ್ಯಾಧಿಕಾರಿಯಾಗಿದ್ದ ಸಿಮ್ಮಾಕಸ್, ಮಿಲಾನ್‌ನಲ್ಲಿದ್ದ 13ರ ಹರೆಯದ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್‌ಗೆ ಮನವಿ ಬರೆದ. ನಾವೆಲ್ಲ ನೋಡುವುದು ಅವೇ ನಕ್ಷತ್ರಗಳನ್ನು, ಆಕಾಶ ಎಲ್ಲರಿಗೂ ಒಂದೇ, ಯಾರು ಯಾವ ಬುದ್ಧಿಯಿಂದ ಸತ್ಯ ಹುಡುಕಿದರೇನು? ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ತಲುಪಲು ಆಗುವುದಿಲ್ಲ.

ಈ ಸಾಲು ಇವತ್ತು ಎಲ್ಲೆಡೆ ಉಲ್ಲೇಖವಾಗುತ್ತದೆ. ಮನಸ್ಸಿಗೆ ತಟ್ಟುವ ಮಾತೇ. ಆದರೆ ಅದರ ಜೊತೆಗೇ ಸಿಮ್ಮಾಕಸ್ ಕೇಳಿದ್ದು ಹಣವನ್ನೂ ಹೌದು, ಬರಕ್ಕೆ ಕಾರಣ ದೇವರ ಕೋಪ ಎಂದು ಹೇಳಿದ್ದೂ ಹೌದು. ಟೆರ್ಟುಲಿಯನ್ ನೂರೆಂಬತ್ತು ವರ್ಷದ ಹಿಂದೆ ಖಂಡಿಸಿದ ಅದೇ ದೂರು. ಮಿಲಾನ್‌ನ ಬಿಷಪ್ ಆಂಬ್ರೋಸ್ ಆ ಜಾಗಕ್ಕೇ ಕೈ ಹಾಕಿದ. ರೋಮಿನ ಮೇಲೆ ದಂಡೆತ್ತಿ ಬಂದ ಹ್ಯಾನಿಬಲ್ ಕೂಡ ಇದೇ ದೇವರುಗಳನ್ನು ಪೂಜಿಸುತ್ತಿದ್ದನಲ್ಲ, ಗೆದ್ದವರೂ ಸೋತವರೂ ಅವರ ಭಕ್ತರೇ? ಗಾಲ್ ಜನ ರೋಮಿನ ಬೆಟ್ಟಕ್ಕೆ ನುಗ್ಗಿದಾಗ ಎಚ್ಚರಿಸಿದ್ದು ಬಾತುಗಳು, ಆಗ ನಿಮ್ಮ ದೊಡ್ಡ ದೇವರು ಜೂಪಿಟರ್ ಎಲ್ಲಿದ್ದ, ಬಾತಿನ ಬಾಯಲ್ಲಿ ಮಾತಾಡುತ್ತಿದ್ದನೋ? ದೇಗುಲಗಳು ಎಷ್ಟು ಸೆರೆಯಾಳುಗಳನ್ನು ಬಿಡಿಸಿವೆ, ಎಷ್ಟು ಬಡವರಿಗೆ ಊಟ ಹಾಕಿವೆ, ಲೆಕ್ಕ ಕೊಡಿ. ಈ ಕೊನೆಯ ಪ್ರಶ್ನೆ ತೂಕದ್ದು. ಬಡವರ ಊಟ, ಸತ್ತವರ ಮಣ್ಣು, ರೋಗಿಗಳ ಆರೈಕೆ ಇವನ್ನು ಕ್ರೈಸ್ತ ಸಭೆಗಳು ಮಾಡುತ್ತಿದ್ದವು ಎಂಬುದನ್ನು ಹಳೆಯ ಧರ್ಮವನ್ನು ಮತ್ತೆ ಎತ್ತಿ ನಿಲ್ಲಿಸಲು ಹೋದ ಚಕ್ರವರ್ತಿ ಜೂಲಿಯನ್ ಕೂಡ ಹೊಟ್ಟೆಕಿಚ್ಚಿನಿಂದ ಒಪ್ಪಿಕೊಂಡಿದ್ದ.

ಒಂದೇ ದಾರಿ ಸಾಲದು ಎಂಬ ಮಾತಿಗೆ ಮಾತ್ರ ಆಂಬ್ರೋಸ್ ಕೊಟ್ಟ ಉತ್ತರ ವಾದವೇ ಅಲ್ಲ. ನೀವು ಊಹೆಯಿಂದ ಹುಡುಕುವುದನ್ನು ನಾವು ದೇವರ ಬಾಯಿಂದಲೇ ತಿಳಿದಿದ್ದೇವೆ ಎಂದ. ಹುಡುಗ ಚಕ್ರವರ್ತಿಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟ: ನೀನು ಇದಕ್ಕೆ ಒಪ್ಪಿದರೆ ಚರ್ಚಿಗೆ ಬರಬಹುದು, ಅಲ್ಲಿ ಪಾದ್ರಿ ಇರುವುದಿಲ್ಲ, ಇದ್ದರೆ ನಿನ್ನನ್ನು ತಡೆಯುತ್ತಾನೆ. ಮನವಿ ಬಿದ್ದುಹೋಯಿತು.

ಮುಂದಿನ ಎಂಟು ವರ್ಷದಲ್ಲಿ ಎಲ್ಲ ಬೇಗ ಬೇಗ ನಡೆದುಹೋಯಿತು. 386ರ ಸುಮಾರಿಗೆ ಸಿರಿಯಾದ ಆಂಟಿಯೋಕ್‌ನ ಹಳೆಯ ಧರ್ಮದ ಭಾಷಣಕಾರ ಲಿಬಾನಿಯಸ್ ಚಕ್ರವರ್ತಿ ಥಿಯೊಡೋಸಿಯಸ್‌ಗೆ ದೇಗುಲಗಳ ಪರವಾಗಿ ಒಂದು ಭಾಷಣ ಬರೆದ. ಕಪ್ಪು ಬಟ್ಟೆಯ ಸನ್ಯಾಸಿಗಳು ಕೋಲು, ಕಲ್ಲು, ಹಾರೆ ಹಿಡಿದು ಹಳ್ಳಿಯ ಗುಡಿಗಳ ಮೇಲೆ ನುಗ್ಗುತ್ತಾರೆ, ಹಳ್ಳಿಯ ಜೀವ ಇರುವುದೇ ಗುಡಿಯಲ್ಲಿ, ಅದು ಹೋದರೆ ರೈತನಿಗೆ ಬಿತ್ತುವ ಮನಸ್ಸೂ ಹೋಗುತ್ತದೆ ಎಂದ. ಆಮೇಲೆ ಅವನು ಹೇಳಿದ್ದು ಇದು: ಇಂಥ ವಿಷಯದಲ್ಲಿ ಒಪ್ಪಿಸಬೇಕೇ ಹೊರತು ಬಲವಂತ ಮಾಡಬಾರದು ಎಂದು ಕ್ರೈಸ್ತರ ನಿಯಮಗಳೇ ಹೇಳುತ್ತವಲ್ಲ? ಲ್ಯಾಕ್ಟಾಂಟಿಯಸ್‌ನ ವಾದ ಈಗ ಎದುರಾಳಿಯ ಬಾಯಲ್ಲಿ.

391ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಸೆರಾಪಿಸ್ ದೇವರ ಮಹಾಮಂದಿರ ಬಿತ್ತು. ಮೂರ್ತಿಯನ್ನು ಮುಟ್ಟಿದರೆ ಭೂಮಿ ಬಾಯಿಬಿಡುತ್ತದೆ, ಆಕಾಶ ಕಳಚಿ ಬೀಳುತ್ತದೆ ಎಂದು ಊರೆಲ್ಲ ನಂಬಿತ್ತಂತೆ. ಒಬ್ಬ ಸೈನಿಕ ಕೊಡಲಿಯಿಂದ ದವಡೆಗೆ ಹೊಡೆದ. ಏನೂ ಆಗಲಿಲ್ಲ. ತಲೆ ಒಡೆದಾಗ ಒಳಗಿಂದ ಇಲಿಗಳ ಹಿಂಡು ಓಡಿತು ಎಂದು ಐದನೇ ಶತಮಾನದ ಕ್ರೈಸ್ತ ಇತಿಹಾಸಕಾರ ಥಿಯೊಡೊರೆಟ್ ಬರೆಯುತ್ತಾನೆ. ಇಲಿಗಳು ನಿಜವಾಗಿ ಓಡಿದವೋ, ಮಿನುಸಿಯಸ್‌ನ ಕಾಲದಿಂದ ಬಂದ ವಾದವೇ ಇಲ್ಲಿ ಘಟನೆಯಾಗಿ ರೂಪ ತಳೆಯಿತೋ ಎಂಬ ಅನುಮಾನ ನನಗಿದೆ. 392ರ ನವೆಂಬರ್‌ನಲ್ಲಿ ಥಿಯೊಡೋಸಿಯಸ್ ಹೊರಡಿಸಿದ ಕಾನೂನು ಮನೆಯೊಳಗಿನ ಪೂಜೆಗೂ ಕೈ ಹಾಕಿತು. ಮನೆದೇವರಿಗೆ ದೀಪ ಹಚ್ಚುವುದು, ಧೂಪ ಇಡುವುದು, ಹೂಮಾಲೆ ತೂಗುಹಾಕುವುದು, ಮರಕ್ಕೆ ದಾರ ಸುತ್ತುವುದು ಎಲ್ಲ ಅಪರಾಧ. ಪೂಜೆ ಮಾಡಿದ ಮನೆಯೇ ಜಪ್ತಿ.

ಮೂರ್ತಿ ತನ್ನನ್ನು ಕಾಯಲಿಲ್ಲ, ಆದ್ದರಿಂದ ಸುಳ್ಳು ಎಂಬ ವಾದ 20 ವರ್ಷದಲ್ಲೇ ತಿರುಗಿ ಬಂತು. 410ರ ಆಗಸ್ಟ್‌ನಲ್ಲಿ ಅಲಾರಿಕ್‌ನ ಗಾಥ್ ಪಡೆ ರೋಮನ್ನು ಸೂರೆ ಮಾಡಿತು. ಪೇತ್ರನ ಸಮಾಧಿ, ಪೌಲನ ಸಮಾಧಿ ರೋಮಿನಲ್ಲೇ ಇವೆಯಲ್ಲ, ಯಾಕೆ ಕಾಯಲಿಲ್ಲ ಎಂದು ಜನ ಕೇಳಿದರು. ಈ ಪ್ರಶ್ನೆಯನ್ನು ಅಗಸ್ಟಿನ್ ತನ್ನ ಪ್ರವಚನದಲ್ಲೇ ಎತ್ತಿಕೊಂಡ. 413ರಿಂದ 426ರವರೆಗೆ ಬರೆದ 22 ಸಂಪುಟಗಳ 'ದೇವನಗರ' ಇದಕ್ಕೆ ಕೊಟ್ಟ ಉದ್ದದ ಉತ್ತರ. ಅದರಲ್ಲಿ ಹಳೆಯ ಲೇವಡಿಗಳೂ ಇವೆ. ಒಂದು ಬಾಗಿಲು ಕಾಯಲು ಒಬ್ಬ ಮನುಷ್ಯ ಸಾಕು, ರೋಮನ್ನರಿಗೆ ಮಾತ್ರ ಕದಕ್ಕೆ ಫೋರ್ಕುಲಸ್, ಕದ ತಿರುಗುವ ಕೀಲಿಗೆ ಕಾರ್ಡಿಯಾ, ಹೊಸ್ತಿಲಿಗೆ ಲಿಮೆಂಟಿನಸ್ ಎಂದು ಮೂರು ದೇವರು ಬೇಕಾಯಿತು ಎಂದು ನಗುತ್ತಾನೆ. ಆದರೆ ಪುಸ್ತಕದ ನಡುಬಿಂದು ಬೇರೆ. ಸುಖದುಃಖಗಳನ್ನು ದೇವರು ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಹಾಗೆ ಹಂಚುತ್ತಾನೆ. ಕೋಟೆ ಕಾಯುವುದು, ಬೆಳೆ ಕೊಡುವುದು ಭಕ್ತಿಗೆ ಸಿಗುವ ಕೂಲಿಯಲ್ಲ ಎಂದು ಅಗಸ್ಟಿನ್ ಹೇಳುತ್ತಾನೆ. ಇದನ್ನು ಒಪ್ಪಿದರೆ ಇಲಿಯ ವಾದ, ಬಾತಿನ ವಾದ, ಸೆರಾಪಿಸ್‌ನ ದವಡೆಯ ವಾದ ಎಲ್ಲಕ್ಕೂ ಬೆಲೆ ಕಡಿಮೆಯಾಗುತ್ತದೆ. ಅಗಸ್ಟಿನ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬಲವಂತದ ವಿಷಯದಲ್ಲಿ ಅವನೂ ಬದಲಾದ. ಮೊದಲು ಬೇಡ ಎನ್ನುತ್ತಿದ್ದವನು, 408ರ ಹೊತ್ತಿಗೆ ಬೇರೆ ಪಂಗಡದ ಕ್ರೈಸ್ತರನ್ನು ಕಾನೂನಿನ ಒತ್ತಡದಿಂದ ಒಳಗೆ ತರುವುದು ಸರಿ ಎಂದು ಬರೆದ.

ಈ ವಾದಗಳು ಅಲ್ಲಿಗೆ ಮುಗಿಯಲಿಲ್ಲ. ಹಡಗು ಹತ್ತಿ ನಮ್ಮ ಕಡೆಗೂ ಬಂದವು. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಜರ್ಮನ್ ಪಾದ್ರಿ ತ್ಸೀಗೆನ್‌ಬಾಲ್ಗ್ ದಕ್ಷಿಣ ಭಾರತದ ದೇವರುಗಳ ಮೇಲೆ 1713ರಲ್ಲಿ ಪುಸ್ತಕ ಬರೆದಾಗ, ಎಲ್ಲದರ ಮೇಲೆ ಒಂದು ಪರಾಪರ ವಸ್ತುವಿದೆ ಎಂದು ಇಲ್ಲಿಯವರೂ ಹೇಳುತ್ತಾರೆ ಎಂಬುದನ್ನು ದಾಖಲಿಸಿದ. ಮಡೌರಾದ ಮೇಷ್ಟರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆ ಪುಸ್ತಕ ಅಚ್ಚಾದದ್ದು ಒಂದೂವರೆ ಶತಮಾನದ ನಂತರ, 1867ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ನಮಗೆ ಮೊದಲ ಪತ್ರಿಕೆ, ದೊಡ್ಡ ನಿಘಂಟು ಕೊಟ್ಟರು. ಮೂರ್ತಿಪೂಜೆಯ ಬಗ್ಗೆ ಅವರು ಬೀದಿಯಲ್ಲಿ ಹೇಳಿದ ಮಾತಿನ ವಂಶವೂ ಈ ಹಳೆಯ ಲ್ಯಾಟಿನ್ ಪುಸ್ತಕಗಳವರೆಗೆ ಹೋಗುತ್ತದೆ.

ಲ್ಯಾಕ್ಟಾಂಟಿಯಸ್‌ನ ಮಾತಿಗೆ ಮರುಜೀವ ಬರಲು ಬಹಳ ಕಾಲ ಹಿಡಿಯಿತು. 1965ರಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮದ ಸ್ವಾತಂತ್ರ್ಯದ ಮೇಲೆ ಹೊರಡಿಸಿದ ಘೋಷಣೆಯಲ್ಲಿ, ನಂಬಿಕೆಗೆ ಯಾರನ್ನೂ ಬಲವಂತ ಮಾಡಬಾರದು ಎಂಬ ಜಾಗದ ಅಡಿಟಿಪ್ಪಣಿಯಲ್ಲಿ ಅವನ ಹೆಸರಿದೆ. ಆಂಬ್ರೋಸ್ ಮತ್ತು ಅಗಸ್ಟಿನ್ ಹೆಸರುಗಳೂ ಅಲ್ಲೇ ಇವೆ. ಅದೇ ಮಾತನ್ನು ಅವರ ಕಾಲದಲ್ಲೇ ಚಕ್ರವರ್ತಿಯ ಮುಂದಿಟ್ಟ ಲಿಬಾನಿಯಸ್‌ನನ್ನು ಆ ಟಿಪ್ಪಣಿ ನೆನೆಯುವುದಿಲ್ಲ. ಸೆಲ್ಸಸ್‌ನ ಪುಸ್ತಕ ನಮಗೆ ಸಿಗುವುದು ಅದನ್ನು ಸಾಲು ಸಾಲಾಗಿ ಖಂಡಿಸಿದ ಕ್ರೈಸ್ತ ಪಂಡಿತ ಒರಿಜೆನ್‌ನ ಎಂಟು ಸಂಪುಟಗಳಲ್ಲಿ ಮಾತ್ರ. ಪೋರ್ಫಿರಿ ಕ್ರೈಸ್ತರ ವಿರುದ್ಧ ಬರೆದದ್ದನ್ನು ಸುಡಲು ಕಾನ್‌ಸ್ಟಂಟೈನ್ ಆಜ್ಞೆ ಮಾಡಿದ, 448ರಲ್ಲಿ ಮತ್ತೊಮ್ಮೆ ಆಜ್ಞೆಯಾಯಿತು. ಅದರ ತುಣುಕುಗಳಷ್ಟೇ ಉಳಿದಿವೆ. ಈ ಜಗಳವನ್ನು ಇವತ್ತು ಓದುವವರು ಒಂದು ಪಕ್ಷದ ಮಾತನ್ನು ಇನ್ನೊಂದು ಪಕ್ಷದ ಕಡತದಿಂದ ಹೆಕ್ಕಿ ತೆಗೆಯಬೇಕಾಗಿದೆ.